ತಿರುವಿಗೆ ಅಂಜುತ್ತಿದ್ದ ಮಿಸ್ತ್ರಿ

ಅವರು ಮೊದಲ ಸಲ ಕಮಲಾಪುರದ ನಮ್ಮ ಬಡಗಿ ಅಂಗಡಿಗೆ ಬಂದಾಗ, ಹೊಸ್ತಿಲು ದಾಟುವ ಮೊದಲು ನಾಲ್ಕು ಸಲ ತಿರುಗಿ ಬೀದಿ ನೋಡಿದ್ದರು. ಬೀದಿಯಲ್ಲಿ ಏನೂ ಇರಲಿಲ್ಲ. ಮಟಮಟ ಮಧ್ಯಾಹ್ನ, ಎದುರು ಮನೆಯ ಎಮ್ಮೆ ಮಾತ್ರ ಕಟ್ಟೆಯ ನೆರಳಿಗೆ ಮಲಗಿತ್ತು. ಆ ಎಮ್ಮೆಯನ್ನೂ ಅವರು ಒಂದು ಗಳಿಗೆ ಅನುಮಾನದಿಂದ ನೋಡಿದರು.

“ಬಾಗಲಾ ಮುಂದಕ್ಕ ಮಾಡ್ಲೇನು, ತಮ್ಮಾ?”

ಹಗಲು ಹೊತ್ತಿನಲ್ಲಿ ಬಾಗಿಲು ಮುಚ್ಚುವ ಗಿರಾಕಿ ಎಂಥವನೋ ಎಂದು ನನಗೂ ಅನಿಸಿತು. ಕೈಯಲ್ಲಿದ್ದ ಉಳಿಯನ್ನು ಕೆಳಗಿಡಲಿಲ್ಲ. ಅವರು ಅಂಗಿಯ ಒಳಗಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಹಾಸಿದರು. ಸೀಸದ ಕಡ್ಡಿಯಿಂದ ಬರೆದ ರೈಲು ಡಬ್ಬಿಯ ಚಿತ್ರ. ಉದ್ದನೆಯ ಡಬ್ಬಿ. ಅದರ ಎರಡೂ ತುದಿಯ ಹತ್ತಿರ ನಾಲ್ಕು ನಾಲ್ಕು ಗಾಲಿಯ ಒಂದೊಂದು ಪುಟ್ಟ ಬಂಡಿ.

“ಇಂಥಾದೊಂದು ಬೇಕು. ಹದಿನೈದು ಇಂಚು ಉದ್ದ. ಹದಿನಾಲ್ಕೂವರಿ ನಡಿಯಂಗಿಲ್ಲ, ಹದಿನೈದೂವರಿನೂ ನಡಿಯಂಗಿಲ್ಲ.”

“ಆಟಿಗಿ ಸಾಮಾನೇನ್ರಿ?”

“ಹೌದಂತ ತಿಳ್ಕೋ. ಯಾರರ ಕೇಳಿದ್ರ ಹಂಗೇ ಹೇಳು.”

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಕಾಗದದ ಮೇಲೆ ತಮ್ಮ ಹೆಸರು ಬೀಳುವುದೆಂದರೆ ಅವರಿಗೆ ಕೈಕಾಲು ತಣ್ಣಗಾಗುತ್ತಿದ್ದವು. ಟಪಾಲಿನವನು ಮನೆಯ ಮುಂದೆ ನಿಂತರೆ ಹಿತ್ತಿಲಿಗೆ ಹೋಗಿಬಿಡುತ್ತಿದ್ದರು. ಊರಿಗೆಲ್ಲ ಅವರು ಮಿಸ್ತ್ರಿ. ನಾನು ಮಿಸ್ತ್ರಿ ಚಾಚಾ ಎನ್ನುತ್ತಿದ್ದೆ.

ಅವರಷ್ಟು ಅಂಜುಬುರುಕ ಮನುಷ್ಯನನ್ನು ನಾನು ಮತ್ತೆ ಕಾಣಲಿಲ್ಲ. ನಾಯಿ, ಹಲ್ಲಿ, ಗುಡುಗು, ಪಟೇಲ, ಬೂಟಿನ ಸದ್ದು, ಯಾವುದನ್ನೂ ಬಿಟ್ಟಿರಲಿಲ್ಲ. ಎಲ್ಲಿ ಕೂತರೂ ಬೆನ್ನಿಗೆ ಗೋಡೆ ಇರಬೇಕು, ಕಣ್ಣಿಗೆ ಬಾಗಿಲು ಕಾಣಬೇಕು. ಅಂಜಿಕೆ ಬಂದಾಗ ಅವರ ಬಲಗೈ ತಾನಾಗಿ ಕೊರಳಿಗೆ ಹೋಗಿ ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಿತ್ತು. ಗುಂಡಿ ಮೊದಲೇ ಹಾಕಿದ್ದರೆ ಬಿಚ್ಚಿ ಮತ್ತೆ ಹಾಕುತ್ತಿತ್ತು. ಅವರ ಹೆಂಡತಿ ಕಮಲಾಪುರದವರೇ, ಬಾಯಿ ತುಂಬ ನಗುವ ಹೆಂಗಸು. “ನಿಕಾ ಆದ ಹೊಸದಾಗ ಒಂದು ವರ್ಷ ನನಗೂ ಅಂಜತಿದ್ರು” ಎಂದು ಎಲ್ಲರ ಮುಂದೆ ಹೇಳುತ್ತಿದ್ದರು. ಅವರು ತಲೆ ತಗ್ಗಿಸಿ, “ಈಗೇನು ಬಿಟ್ಟೀನೇನು?” ಎನ್ನುತ್ತಿದ್ದರು.

ಆದರೆ ಅಳತೆಯ ಮಾತು ಬಂದರೆ ಅದೇ ಮನುಷ್ಯ ಬೇರೆ. ಅಂಗಡಿಯಲ್ಲಿ ಒಮ್ಮೆ ನಾನು “ಅಂದಾಜು ಇಷ್ಟಿರಲಿ” ಎಂದೆ. ಚುರುಕ್ಕನೆ ನೋಡಿದರು. “ಅಂದಾಜು ಅನ್ನೂ ಮಾತು ನನ್ನ ಮುಂದ ಆಡಬ್ಯಾಡ. ಅಂದಾಜಿನಾಗ ಮಂದಿ ಸತ್ತಾರ.”

ಆ ಮಾತಿನ ಹಿಂದಿನ ಕಥೆ ತಿಳಿಯಲು ನನಗೆ ಎರಡು ದಿನ ಹಿಡಿಯಿತು. ಹರೆಯದಲ್ಲಿ ಅವರು ದೂರದ ಒಂದು ಸ್ಟೇಶನ್ನಿನಲ್ಲಿ ಹಳಿ ಕೆಲಸಕ್ಕಿದ್ದರು. ಅಲ್ಲಿಯ ಹಳಿ ಒಂದು ಗೋಡೆಯ ಪಕ್ಕದಲ್ಲಿ ತಿರುಗುತ್ತಿತ್ತು. ಗೂಡ್ಸು ಬಂದಾಗಲೆಲ್ಲ ಕೆಲಸದವರು ಗೋಡೆಗೆ ಬೆನ್ನು ಹಚ್ಚಿ ನಿಲ್ಲುವುದು ವಾಡಿಕೆ. ಒಂದು ದಿನ ಗೂಡ್ಸಿನ ಬದಲು ಉದ್ದನೆಯ ಡಬ್ಬಿ ಬಂತು. ಚಾಚಾನ ಜೋಡಿ ಕೆಲಸ ಮಾಡುತ್ತಿದ್ದವನು ಎಂದಿನಂತೆ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ, ಬೀಡಿ ಸೇದುತ್ತಿದ್ದ. ಡಬ್ಬಿಯ ನಡು ತಿರುವಿನಲ್ಲಿ ಒಳಕ್ಕೆ ಬಂತು.

“ಆಂವ ಚೀರಲಿಲ್ಲ, ತಮ್ಮಾ. ಬೀಡಿ ಬಾಯಾಗೇ ಇತ್ತು” ಎಂದರು. ಅಷ್ಟೇ ಹೇಳಿ ಗುಂಡಿ ಹಾಕಿಕೊಂಡರು. ಮತ್ತೆಂದೂ ಆ ಕಥೆ ಎತ್ತಲಿಲ್ಲ.

ನಮ್ಮ ಅಂಗಡಿಗೆ ಬಂದ ಕಾಲಕ್ಕೆ ಅವರು ಕಲಬುರ್ಗಿಯ ಹೊರಗೆ, ಕಪನೂರಿನ ಕಡೆ, ಒಬ್ಬ ಸೇಠ ಹೊಸದಾಗಿ ಎಬ್ಬಿಸಿದ ಹತ್ತಿ ಜಿನ್ನಿನಲ್ಲಿ, ಅಂದರೆ ಹತ್ತಿಯ ಬೀಜ ಬಿಡಿಸುವ ಕಾರ್ಖಾನೆಯಲ್ಲಿ, ಹಳಿ ನೋಡಿಕೊಳ್ಳುವ ಮಿಸ್ತ್ರಿ. ನಿಜಾಮರ ಕಾಲ, ಹತ್ತಿಗೆ ಒಳ್ಳೆಯ ದಿನಗಳು. ದೊಡ್ಡ ರೈಲುದಾರಿಯಿಂದ ಸೇಠ ತನ್ನ ಜಿನ್ನಿನ ಬಾಗಿಲಿನವರೆಗೆ ಸ್ವಂತ ಹಳಿ ಹಾಕಿಸಿದ್ದ. ದಾರಿಗೆ ಒಂದು ಬಾವಿ ಅಡ್ಡ ಬಂತು. ಬಾವಿ ಮುಚ್ಚಿಸಲು ಸೇಠ ಒಪ್ಪಲಿಲ್ಲ. ಗುತ್ತೇದಾರ ಹಳಿಯನ್ನು ಗಕ್ಕನೆ ತಿರುಗಿಸಿ, ತಿರುವಿನ ಒಳಬದಿಗೆ ಒಂದು ಕಂಪೌಂಡು ಗೋಡೆಯನ್ನೂ ಎಬ್ಬಿಸಿದ್ದ. ಗಿಡ್ಡನೆಯ ಗೂಡ್ಸು ಡಬ್ಬಿಗಳು ಆ ತಿರುವಿನಲ್ಲಿ ಸರಾಗವಾಗಿ ಓಡಾಡುತ್ತಿದ್ದವು. ಯಾರಿಗೂ ಏನೂ ತೊಂದರೆ ಕಂಡಿರಲಿಲ್ಲ.

ಹೊಸ ಜಿನ್ನಿನ ಉದ್ಘಾಟನೆಗೆ ಹೈದರಾಬಾದಿನಿಂದ ಒಬ್ಬ ದೊಡ್ಡ ಅಧಿಕಾರಿ ಬರುವುದೆಂದು ಗೊತ್ತಾಯಿತು. ಅವರು ಕೂತು ಬರುವ ಖಾಸಗಿ ರೈಲು ಡಬ್ಬಿ, ಅಂದರೆ ಸಲೂನು, ಅರವತ್ತು ಅಡಿ ಉದ್ದ. ಅದು ಸೇಠನ ಹಳಿಯ ಮೇಲೆ ನೇರ ಜಿನ್ನಿನ ಬಾಗಿಲಿಗೆ ಬರಬೇಕು, ಅಧಿಕಾರಿ ಡಬ್ಬಿಯಿಂದ ಇಳಿದರೆ ಕಾಲು ಜಮಖಾನೆಯ ಮೇಲೇ ಬೀಳಬೇಕು, ಇದು ಸೇಠನ ಹಟ. ಹೂವು ಎರಚಲು ಶಾಲೆಯ ಹೆಣ್ಣುಮಕ್ಕಳು. ಅವರನ್ನು ನಿಲ್ಲಿಸುವುದು ತಿರುವಿನ ಒಳಬದಿಗೆ, ಗೋಡೆಯ ನೆರಳಿನಲ್ಲಿ.

ಇದನ್ನು ಕೇಳಿದ ದಿನದಿಂದ ಚಾಚಾನ ನಿದ್ದೆ ಹೋಯಿತು. ಬಾಯಿ ಬಿಟ್ಟು ಹೇಳಲು ಧೈರ್ಯವಿಲ್ಲ. ದೊಡ್ಡವರ ಡಬ್ಬಿಗೆ ಅಪಾಯವಿದೆ ಎಂದು ಆಡಿದರೆ, ಅಪಾಯ ಬಯಸಿದವನೇ ನೀನು ಎಂದು ಹಿಡಿದು ಹಾಕುವ ಕಾಲ ಅದು. ಕಲಬುರ್ಗಿಯಲ್ಲಿ ಯಾವ ಬಡಗಿಯ ಹತ್ತಿರ ಹೋದರೂ ಸುದ್ದಿ ಹಬ್ಬುತ್ತದೆ. ಅದಕ್ಕೇ ಹೆಂಡತಿಗೆ ಮೈಯಲ್ಲಿ ಸರಿಯಿಲ್ಲವೆಂದು ರಜೆ ಕೇಳಿ, ಏಳೆಂಟು ಹರದಾರಿ ಚಕ್ಕಡಿಯಲ್ಲಿ ಕೂತು ಕಮಲಾಪುರಕ್ಕೆ ಬಂದಿದ್ದರು.

ನಿಜವಾದ ಒಂದು ಅಡಿಗೆ ನಮ್ಮಲ್ಲಿ ಕಾಲು ಇಂಚು. ಅದೇ ಲೆಕ್ಕದಲ್ಲಿ ಸಾಗುವಾನಿಯ ಡಬ್ಬಿ ಮಾಡಿದೆ. ತೊಟ್ಟಿಲ ಕಾಲು ಕಡೆಯುವ ಚರಕಿಯ ಮೇಲೆ ಹುಣಸೆ ಕಟ್ಟಿಗೆಯ ಎಂಟು ಪುಟ್ಟ ಗಾಲಿ ಕಡೆದೆ. ಹಿತ್ತಾಳೆಯ ಸಣ್ಣ ಪಟ್ಟಿಗಳೇ ಹಳಿ. ಅಂಗಡಿಯ ನೆಲಕ್ಕೆ ಒಂದು ಮೊಳೆ ಹೊಡೆದು, ಅದಕ್ಕೆ ದಾರ ಕಟ್ಟಿ, ದಾರದ ತುದಿಯ ಸುಣ್ಣದ ಕಡ್ಡಿಯಿಂದ ಚಾಚಾ ತಿರುವು ಬರೆದರು. ಮೊಳೆಯಿಂದ ಗೆರೆಗೆ ನಾಲ್ಕಡಿ ಎರಡಿಂಚು. ಸೇಠನ ತಿರುವು ಅಷ್ಟೇ ಇತ್ತಂತೆ. ಗೆರೆಯ ಮೇಲೆ ಹಲಗೆ ಇಟ್ಟು ಹಳಿ ಬಡಿದೆವು. ಗೋಡೆ ಇರುವಲ್ಲಿ ಒಂದು ತೆಳು ಪಟ್ಟಿ ನಿಲ್ಲಿಸಿದೆವು.

ಆಮೇಲೆ ಅವರು ಜೇಬಿನಿಂದ ಒಂದು ಹಿಡಿ ತೊಗರಿ ತೆಗೆದರು. ಒಂದೊಂದೇ ಕಾಳನ್ನು ಗೋಡೆಯ ಪಟ್ಟಿಯ ಮುಂದೆ ಸಾಲಾಗಿ ಇಟ್ಟರು.

“ಇವ್ಯಾರ್ರಿ?” ಎಂದೆ, ನಗುತ್ತ.

“ಹುಡುಗೀರು” ಎಂದರು. ನನ್ನ ನಗು ಅಲ್ಲಿಗೇ ನಿಂತಿತು.

ಮೊದಲು ಗಿಡ್ಡನೆಯ ಗೂಡ್ಸು ಡಬ್ಬಿಯಂಥ ಒಂದು ತುಂಡನ್ನು ಎಳೆದೆವು. ಒಂದು ಕಾಳೂ ಅಲುಗಲಿಲ್ಲ. ಆಮೇಲೆ ಉದ್ದನೆಯ ಡಬ್ಬಿ. ನಾನು ದಾರ ಹಿಡಿದು ಬಹಳ ಮೆಲ್ಲಗೆ ಎಳೆದೆ. ತಿರುವಿಗೆ ಬರುತ್ತಲೇ ಗಾಲಿಗಳು ಹಳಿಯ ಜೊತೆ ತಿರುಗಿದವು, ಡಬ್ಬಿ ಮಾತ್ರ ನೆಟ್ಟಗೇ ಇತ್ತು. ಅದರ ನಡು ಹಳಿ ಬಿಟ್ಟು ಒಳಕ್ಕೆ ಸರಿಯಿತು. ಒಂದು ಕಾಳು ಬಿತ್ತು. ಎರಡನೆಯದು. ಆಮೇಲೆ ಸಾಲೇ ಗೋಡೆಗೆ ಒತ್ತಿಕೊಂಡು ಸರಸರ ಉರುಳಿತು. ನಿಜವಾದ ಲೆಕ್ಕದಲ್ಲಿ ಒಂದೂವರೆ ಗೇಣು ಒಳಕ್ಕೆ ಎಂದರು ಚಾಚಾ. ಡಬ್ಬಿಯ ಹೊರಗೆ ಚಾಚಿದ ಮೆಟ್ಟಿಲನ್ನು ಅವರು ಇನ್ನೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

“ಗಾಲಿ ಬಂಡಿಗಳನ್ನ ನಡುವಿಗೆ ಸರಿಸಿದರ?” ಎಂದೆ. ಮೊಳೆ ಕಿತ್ತು ಸರಿಸಿಯೂ ನೋಡಿದೆ. ಈ ಸಲ ನಡು ಅಷ್ಟು ಒಳಕ್ಕೆ ಬರಲಿಲ್ಲ; ಆದರೆ ಡಬ್ಬಿಯ ಮೂಗು ಹೊರಕ್ಕೆ ಹೊರಳಿ, ಹೊರಬದಿಗೆ ಇಟ್ಟಿದ್ದ ಕಾಳುಗಳನ್ನು ಹೊಡೆಯಿತು. ಅಲ್ಲಿ ನಿಲ್ಲುವುದು ಬ್ಯಾಂಡಿನವರು.

ಮೂರು ದಿನ ಅದೇ ಕೆಲಸ. ಐದಡಿಯ ತಿರುವು ಬರೆದೆವು, ಕಾಳು ಬಿದ್ದವು. ಐದೂವರೆ ಅಡಿ, ಆಗಲೂ ಕೆಲವು. ಆರು ಅಡಿ ಮೂರು ಇಂಚಿಗೆ ಬಂದಾಗ ಡಬ್ಬಿ ಸರಾಗವಾಗಿ ಹೋಯಿತು, ಕಾಳುಗಳು ನಿಂತೇ ಇದ್ದವು. ಡಬ್ಬಿಯ ಉದ್ದದ ಐದು ಪಟ್ಟು. ಚಾಚಾ ನೆಲಕ್ಕೆ ಕೂತು, ಆ ಸಾಲನ್ನು ಎಷ್ಟೋ ಹೊತ್ತು ನೋಡುತ್ತಿದ್ದರು. “ಇಷ್ಟರ ಬೇಕೇ ಬೇಕು” ಎಂದರು. ಆದರೆ ಅಷ್ಟು ದೊಡ್ಡ ತಿರುವು ಬೇಕಾದರೆ ಬಾವಿ ಮುಚ್ಚಬೇಕು. ಅದು ಆಗುವ ಮಾತಲ್ಲ. ಉಳಿದದ್ದು ಎರಡೇ ದಾರಿ. ಗೋಡೆ ಒಡೆಯಬೇಕು, ಇಲ್ಲವೆ ಸಲೂನನ್ನು ತಿರುವಿನ ಮುಂಚೆಯೇ ನಿಲ್ಲಿಸಿ ಅಧಿಕಾರಿಯನ್ನು ನೂರು ಹೆಜ್ಜೆ ನಡೆಸಬೇಕು.

ಆ ದಿನವೇ ಠಾಣೆಯ ಜವಾನ ಬಂದ. ಮುರಿದ ಮಂಚದ ಕಾಲನ್ನು ಹೆಗಲ ಮೇಲಿಟ್ಟುಕೊಂಡು ಕೂಗದೆ ಬಾಗಿಲು ದೂಡಿದ. ಡಬ್ಬಿಯ ಮೇಲೆ ಗೋಣಿಚೀಲ ಮುಚ್ಚಲು ಹೊತ್ತು ಸಿಗಲಿಲ್ಲ. ಚಾಚಾನ ಮುಖದಲ್ಲಿ ರಕ್ತವೇ ಇರಲಿಲ್ಲ. ಬೆನ್ನು ಗೋಡೆಗೆ ಹತ್ತಿತ್ತು, ಕೈ ಕೊರಳಲ್ಲಿತ್ತು.

“ಏನಿದು?”

“ಆಟಿಗಿ ರೈಲ್ರಿ. ಒಬ್ಬರು ದೇಶಮುಖರ ಮನಿ ಕೂಸಿಗಿ” ಎಂದೆ.

ಜವಾನ ಮಂಚದ ಕಾಲು ಕೆಳಗಿಟ್ಟು ಕುಕ್ಕುರುಗಾಲಲ್ಲಿ ಕೂತ. ಡಬ್ಬಿಯನ್ನು ಒಂದು ಬೆರಳಿನಿಂದ ದೂಡಿದ. ಅದು ಓಡಿತು. ಅವನಿಗೆ ಖುಷಿಯಾಯಿತು. ಹತ್ತು ಸಲ ಆ ಕಡೆ ಈ ಕಡೆ ದೂಡಿದ. “ಶಹಬ್ಬಾಸ್! ಥೇಟ್ ದೊಡ್ಡವರ ಸಲೂನಿನಂಗೇ ಅದಲಾ?” ಎಂದು ತಲೆಯೆತ್ತಿ ಚಾಚಾನನ್ನು ನೋಡಿದ. “ಇವರ್ಯಾರು? ಯಾಕ ನಡಗಲಾಕತ್ಯಾರ?”

“ಜ್ವರಾ ಬಂದಾವ್ರಿ” ಎಂದೆ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಆ ಸಂಜೆ ಅವರಿಗೆ ನಿಜವಾಗಿಯೂ ಜ್ವರ ಬಂತು.

ಕಲಬುರ್ಗಿಗೆ ನಾವು ಡಬ್ಬಿಯನ್ನೂ ಹಲಗೆಗಳನ್ನೂ ಮೇವಿನ ಕೆಳಗೆ ಇಟ್ಟುಕೊಂಡು ಹೋದೆವು. ದಾರಿಯುದ್ದಕ್ಕೂ ಚಾಚಾ ಎರಡೇ ಮಾತು ಆಡಿದರು. ಎರಡೂ ಸಲ, “ವಾಪಸ್ ಹೋಗೂಣೇನು?” ಎಂದು. ನಾನು ಹೂಂ ಎಂದಿದ್ದರೆ ಚಕ್ಕಡಿ ಅಲ್ಲೇ ತಿರುಗುತ್ತಿತ್ತೇನೋ. ನನಗೂ ಹಾಗೆ ಹೇಳುವ ಆಸೆ ಇತ್ತು. ಏಕೆ ಹೇಳಲಿಲ್ಲವೋ ತಿಳಿಯದು.

ಸೇಠನ ವ್ಯವಹಾರ ನೋಡುತ್ತಿದ್ದ ಕಾರಭಾರಿಯ ಮನೆಯ ಪಡಸಾಲೆಯಲ್ಲಿ ಹಳಿ ಹಾಸಿ ತೋರಿಸಿದೆವು. ಕಾರಭಾರಿ ಮೊದಲು ನಗುತ್ತ ನೋಡುತ್ತಿದ್ದ. ಕಾಳುಗಳು ಉರುಳಿದಾಗ ನಗು ಹೋಯಿತು. ಮತ್ತೊಮ್ಮೆ ಎಳೆಯಿರೆಂದ. ಮತ್ತೆ ಉರುಳಿದವು. ಅವನಿಗೆ ತಿಳಿಯಿತು. ತಿಳಿಯದೆ ಬೈದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

“ಹುಡುಗೀರಿಗಿ ಹಿಂದಕ್ಕ ಸರಿದು ನಿಲ್ಲಂದರ ಆತು” ಎಂದ.

“ಹಿಂದ ಗ್ವಾಡಿ ಅದ್ರಿ, ಸರ್ಕಾರ್” ಎಂದರು ಚಾಚಾ.

“ಬ್ಯಾರೆ ಕಡಿ ನಿಲ್ಲಸಬಹುದು...” ಎಂದು ಅವನೇ ಅರ್ಧಕ್ಕೆ ಬಿಟ್ಟ. ಹೆಣ್ಣುಮಕ್ಕಳ ಸಾಲು ಎಲ್ಲಿ ನಿಲ್ಲಬೇಕು, ಕಮಾನು ಎಲ್ಲಿ ಕಟ್ಟಬೇಕು, ಎಲ್ಲವನ್ನೂ ಸೇಠ ತಾನೇ ನಿಂತು ಗೊತ್ತುಮಾಡಿದ್ದ.

“ನೀವು ಸೇಠರಿಗಿ ಒಂದು ಮಾತು...” ಎಂದರು ಚಾಚಾ.

“ನಾನಾ?” ಕಾರಭಾರಿ ಎದ್ದು ಪಡಸಾಲೆಯ ಬಾಗಿಲು ಹಾಕಿದ. “ನಿಮ್ಮ ಗ್ವಾಡಿ ಖೋಟಿ ಅದ, ನಿಮ್ಮ ಹಳಿ ಖೋಟಿ ಅದ ಅಂತ ನಾ ಹೇಳ್ಲಾ? ನನಗೂ ಹೆಂಡ್ರು ಮಕ್ಕಳು ಅವ. ಕೇಳು ಮಿಸ್ತ್ರಿ. ಡಬ್ಬಿಗಿ ಏನೋ ಆಗ್ತದ ಅಂತ ಊರಾಗ ಒಂದು ಮಾತು ಹುಟ್ಟಿತಂದ್ರ, ನಿನ್ನ ನಾನೇ ಕೋತವಾಲಿಗಿ ಕೊಡ್ತೀನಿ. ಇದನ್ನ ಎತ್ತಿಕೊಂಡು ನಡೀರಿ.”

ಬೀದಿಗೆ ಬಂದ ಮೇಲೆ ನಾನೆಂದೆ, “ಚಾಚಾ, ನಾವು ಹೇಳೂದು ಹೇಳೀವಿ. ಇನ್ನ ಅವರ ಪಾಪ ಅವರಿಗಿ.” ಆ ರಾತ್ರಿ ಅವರು ಊಟ ಮಾಡಲಿಲ್ಲವೆಂದು ಅವರ ಹೆಂಡತಿ ಆಮೇಲೆ ಹೇಳಿದರು.

ಉದ್ಘಾಟನೆಯ ದಿನ ನಾನು ಬರಬಾರದಿತ್ತು. ಚಾಚಾ ಕರೆದರು, ಬಂದೆ. ಡಬ್ಬಿ ಒಂದು ಚೀಲದಲ್ಲಿತ್ತು. ಯಾರಾದರೂ ಕೇಳಿದರೆ ತೋರಿಸಬೇಕಾಗುತ್ತದೆ ಎಂದಿದ್ದರು. ಚಳಿಗಾಲದ ಬೆಳಿಗ್ಗೆ. ಗೋಡೆಗೆ ಹೊಸ ಸುಣ್ಣ, ಬಣ್ಣದ ಕಾಗದದ ತೋರಣ. ಹೆಣ್ಣುಮಕ್ಕಳು ಎರಡು ಸಾಲಿನಲ್ಲಿ ನಿಂತಿದ್ದರು, ಕೈಯಲ್ಲಿ ಚೆಂಡು ಹೂವಿನ ಬುಟ್ಟಿ. ಹಿಂದಿನ ಸಾಲಿನವರ ಬೆನ್ನು ಗೋಡೆಗೆ ತಾಗಿತ್ತು, ಬೆನ್ನಿಗೆಲ್ಲ ಸುಣ್ಣ ಹತ್ತಿತ್ತು. ಮುಂದಿನ ಸಾಲಿನವರಿಂದ ಹಳಿಗೆ ಒಂದೆರಡು ಹೆಜ್ಜೆಯಷ್ಟೇ ಇತ್ತು. ಒಂದು ಹುಡುಗಿ ಮತ್ತೆ ಮತ್ತೆ ಮುಂದೆ ಬಾಗಿ ರೈಲು ಬಂತೇ ಎಂದು ನೋಡುತ್ತಿದ್ದಳು. ಅವಳನ್ನು ನೋಡಲಾರದೆ ನಾನು ಹತ್ತಿಯ ಅಂಡಿಗೆಗಳ ರಾಶಿಯ ಹಿಂದೆ ಹೋಗಿ ನಿಂತೆ.

ಚಾಚಾನ ಕೆಲಸ ತಿರುವಿನ ಮುಂಚೆ ಹಸಿರು ನಿಶಾನೆ ಹಿಡಿದು ನಿಲ್ಲುವುದು. ಅವರು ನಿಂತಿದ್ದರು. ಎಂಜಿನ್ನಿನ ಸೀಟಿ ಕೇಳಿತು. ಬ್ಯಾಂಡು ಶುರುವಾಯಿತು. ಎಂಜಿನ್ನು ಮೆಲ್ಲಗೆ ಬರುತ್ತಿತ್ತು, ಹಿಂದೆ ಉದ್ದಕ್ಕೂ ಹೊಳೆಯುವ ಸಲೂನು. ನಾನು ಮಾಡಿದ್ದು ಎಷ್ಟು ಚಿಕ್ಕದೆಂದು ಅನಿಸಿತು. ಇದು ಮನೆಯೊಂದು ನಡೆದುಬಂದ ಹಾಗಿತ್ತು.

ಚಾಚಾ ಹಸಿರು ನಿಶಾನೆಯನ್ನು ಕೆಳಗೆ ಬಿಟ್ಟರು. ಅಂಗಿಯೊಳಗಿನಿಂದ ಕೆಂಪು ಬಟ್ಟೆ ತೆಗೆದರು. ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಹಳಿಗಳ ನಡುವೆ ಹೋಗಿ ನಿಂತರು.

ಸೀಟಿ ಚೀರಿತು. ಗಾಲಿಗಳು ಹಳಿಯನ್ನು ಉಜ್ಜಿದವು. ಎಂಜಿನ್ನು ಅವರಿಂದ ನಾಲ್ಕು ಮಾರು ದೂರದಲ್ಲಿ ನಿಂತಿತು. ಬ್ಯಾಂಡಿನವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಡೋಲಿನವನಿಗೆ ಕೊನೆಗೆ ಗೊತ್ತಾಯಿತು. ಚಾಚಾನ ಪಾಯಿಜಾಮ ತೊಯ್ದಿತ್ತು. ಅದು ಎಲ್ಲರಿಗೂ ಕಾಣುತ್ತಿತ್ತು, ಅವರು ಕದಲಲಿಲ್ಲ.

ಕಾರಭಾರಿ ಓಡಿಬಂದು ಕಪಾಳಕ್ಕೆ ಹೊಡೆದ. ಪೊಲೀಸ್ ಜಮಾದಾರ ರಟ್ಟೆ ಹಿಡಿದ. ಸಲೂನಿನ ಕಿಟಕಿಯಲ್ಲಿ ಅಧಿಕಾರಿಯ ಮುಖ ಕಂಡಿತು. “ಕ್ಯಾ ಹೈ?” ಏನಿದು ಎಂದು ಕೇಳಿದರು.

ಚಾಚಾ ಕೈಯಿಂದ ಡಬ್ಬಿ ತೋರಿಸಿದರು, ಗೋಡೆ ತೋರಿಸಿದರು, ಮಕ್ಕಳನ್ನು ತೋರಿಸಿದರು. ಕೊನೆಗೆ, “ಹುಜೂರ್... ಡಬ್ಬಾ ಲಂಬಾ ಹೈ. ಬಚ್ಚಿಯಾಂ...” ಎಂದು, ಡಬ್ಬಿ ಉದ್ದವಿದೆ, ಹುಡುಗಿಯರು, ಎನ್ನುವಷ್ಟೇ ಹೊರಬಿತ್ತು.

ಅಧಿಕಾರಿಗೆ ತಿಳಿಯಿತೋ ಇಲ್ಲವೋ ನಾನರಿಯೆ. ಅವರು ಬೇಸರದಿಂದ ಕೈ ಬೀಸಿ, ಅಲ್ಲೇ ಇಳಿದರು. ಜಮಖಾನೆ ಇಲ್ಲದ ಜಲ್ಲಿಕಲ್ಲಿನ ಮೇಲೆ ನಡೆದುಕೊಂಡು ಜಿನ್ನಿನ ಕಡೆ ಹೋದರು. ಸೇಠ ಬೆವರು ಒರೆಸುತ್ತ ಹಿಂದೆ ಓಡಿದ. ಮಕ್ಕಳು ಹೂವು ಎರಚಿದರು. ಬ್ಯಾಂಡು ಮತ್ತೆ ಹತ್ತಿತು. ಸಲೂನನ್ನು ತಿರುವಿಗೆ ತರಲೇ ಇಲ್ಲ. ಎಂಜಿನ್ನು ಅದನ್ನು ಹಿಂದಕ್ಕೆ ದೂಡಿಕೊಂಡು ಹೋಯಿತು. ಹೀಗಾಗಿ ಚಾಚಾ ಹೇಳಿದ್ದು ಸರಿಯೋ ತಪ್ಪೋ ಅಲ್ಲಿದ್ದ ಯಾರಿಗೂ ಗೊತ್ತಾಗಲಿಲ್ಲ.

ಇಷ್ಟರಲ್ಲಿ ಒಬ್ಬ ಪೊಲೀಸಿನವನು ಅಂಡಿಗೆಗಳ ಹತ್ತಿರದಿಂದ ನನ್ನ ಚೀಲ ಎತ್ತಿಕೊಂಡು ಹೋಗಿದ್ದ. ಸೀಟಿ ಚೀರಿದಾಗ ಅದು ನನ್ನ ಕೈಯಿಂದ ಜಾರಿ ಬಿದ್ದಿತ್ತು. ನಾನು ಅದನ್ನು ಬಿಟ್ಟು ದೂರ ಸರಿದು ನೋಡುವವರ ಗುಂಪಿಗೆ ಸೇರಿದ್ದೆ. ಜಮಾದಾರ ಡಬ್ಬಿಯನ್ನು ಹೊರತೆಗೆದು ತಿರುಗಿಸಿ ತಿರುಗಿಸಿ ನೋಡಿದ. ಥೇಟ್ ಸಲೂನಿನಂತಿತ್ತು, ಅದೇ ಕಿಟಕಿ, ಅದೇ ಮೆಟ್ಟಿಲು. ಅವನ ದನಿ ಬದಲಾಯಿತು.

“ದೊಡ್ಡವರ ಡಬ್ಬಿ ಅಳತಿ ತಗೊಂಡು ಇದನ್ನ ಮಾಡಿದಾಂವ ಯಾರು? ಏನು ಮಸಲತ್ತು ಇದು? ಯಾರ ಕೈ ಕೆಲಸ, ಹೇಳು!”

ನಾನು ಹತ್ತು ಮಾರು ದೂರದಲ್ಲಿ, ಗುಂಪಿನ ಮುಂದೆಯೇ ನಿಂತಿದ್ದೆ. ಚಾಚಾ ತಲೆಯೆತ್ತಿದರು. ಅವರ ಕಣ್ಣು ನೇರ ನನ್ನ ಮೇಲೆ ಬಿತ್ತು, ಒಂದು ಕ್ಷಣ ನಿಂತಿತು, ಆಮೇಲೆ ನನ್ನನ್ನು ದಾಟಿ ಎಲ್ಲಿಗೋ ಹೋಯಿತು.

“ನಂದೇರಿ. ನಾನೇ ಮಾಡೀನಿ.”

ಅವರ ಕೈ ನೋಡಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು. ಸುತ್ತಿಗೆ ಸಲಾಕೆ ಹಿಡಿದ ದಪ್ಪ ಬೆರಳುಗಳು. ಆ ಕೈ ಜನ್ಮದಲ್ಲಿ ಒಂದು ಉಳಿ ಹಿಡಿದಿರಲಿಲ್ಲ. ನಾನು ಒಂದು ಮಾತು ಆಡಬಹುದಿತ್ತು. ನನ್ನ ತಾಯಿ ನೆನಪಾದಳು, ನನ್ನ ಅಂಗಡಿ ನೆನಪಾಯಿತು. ಅವು ನೆಪ. ನಾನು ಅಂಜಿದ್ದೆ. ಅವರನ್ನು ಕರೆದುಕೊಂಡು ಹೋದರು, ನಾನು ಚಕ್ಕಡಿ ಹೂಡಿಕೊಂಡು ಕಮಲಾಪುರಕ್ಕೆ ಬಂದುಬಿಟ್ಟೆ. ದಾರಿಯಲ್ಲಿ ಹಿಂದೆ ಕುದುರೆಯ ಸದ್ದು ಕೇಳಿದಾಗಲೆಲ್ಲ ಗಿಡದ ಮರೆಗೆ ಎತ್ತು ತಿರುಗಿಸುತ್ತಿದ್ದೆ.

ಹನ್ನೊಂದು ದಿನ ಅವರು ಒಳಗಿದ್ದರು. ಅಷ್ಟೂ ದಿನ ನನ್ನ ಅಂಗಡಿಯ ಬಾಗಿಲು ಮುಚ್ಚಿತ್ತು. ನೆಲದ ಮೇಲಿನ ಸುಣ್ಣದ ಗೆರೆಗಳನ್ನು ಮೂರು ಸಲ ಸಗಣಿಯಿಂದ ಸಾರಿಸಿದೆ. ಕಮಲಾಪುರದ ತವರಿಗೆ ಬಂದಿದ್ದ ಅವರ ಹೆಂಡತಿಗೆ ಜೋಳದ ಹಿಟ್ಟು, ಬೇಳೆ ಮುಟ್ಟಿಸುತ್ತಿದ್ದೆ. ಆಕೆ ಏನೂ ಕೇಳಲಿಲ್ಲ. ಏಕೆ ಬಿಟ್ಟರು ಎಂದು ಯಾರಿಗೂ ಗೊತ್ತಾಗಲಿಲ್ಲ. ಬಿಟ್ಟರು, ಅಷ್ಟೇ. ಕೆಲಸ ಹೋಗಿತ್ತು. ಒಂದು ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಅವರು ಕಮಲಾಪುರಕ್ಕೇ ಬಂದು ನೆಲೆಸಿದರು. ಒಬ್ಬರು ಕೆಂಪು ಬಾಳೆಯ ತೋಟ ಕಾಯಲು ಇಟ್ಟುಕೊಂಡರು. ಅವರನ್ನು ಕಾವಲಿಗೆ ಇಟ್ಟದ್ದು ಕೇಳಿ ಅವರ ಹೆಂಡತಿ ನಕ್ಕು ನಕ್ಕು ಕಣ್ಣೀರು ತಂದುಕೊಂಡರು. ನರಿ ಕೂಗಿದರೆ ಅವರು ಗುಡಿಸಲೊಳಗೆ ಕೂತು ತಗಡು ಬಡಿಯುತ್ತಿದ್ದರು. ಅದರಿಂದ ತೋಟವೇನೋ ಉಳಿಯಿತು.

ಮುಂದಿನ ಬೇಸಗೆಯಲ್ಲಿ ಕಲಬುರ್ಗಿಗೆ ಹೋದವನು ಜಿನ್ನಿನ ಮುಂದೆ ಹಾದುಬಂದೆ. ತಿರುವಿನ ಗೋಡೆ ಇರಲಿಲ್ಲ. ಅದನ್ನು ಕೆಡವಿ ಹಿಂದಕ್ಕೆ ಹೊಸದಾಗಿ ಕಟ್ಟಿದ್ದರು. ನನಗೆ ಎಲ್ಲಿಲ್ಲದ ಸಂತೋಷವಾಯಿತು. ಊರು ಮುಟ್ಟಿದೊಡನೆ ತೋಟಕ್ಕೆ ಹೋಗಿ ಕೂಗಿದೆ, “ಚಾಚಾ! ಗ್ವಾಡಿ ಸರಿಸ್ಯಾರ! ನೀವು ಹೇಳಿದ್ದು ಖರೇ ಆತು!”

ಅವರ ಮುಖ ಅರಳಲಿಲ್ಲ. “ಎಷ್ಟು ಸರಿಸ್ಯಾರ?” ಎಂದರು.

“ಬಾಳ ಸರಿಸ್ಯಾರ್ರಿ. ಅಂದಾಜು...” ಎಂದು ನಾಲಿಗೆ ಕಚ್ಚಿಕೊಂಡೆ.

“ಅಳೀಲಿಲ್ಲೇನು?” ಗಾಬರಿಯಾಗಿ ಎದ್ದು ನಿಂತರು. “ಒಂದು ಗೇಣು ಸರಿಸಿದ್ರ ಸಾಲಂಗಿಲ್ಲ, ತಮ್ಮಾ! ಸರಿಸ್ಯಾರ ಅಂತ ಮಂದಿ ಇನ್ನೂ ಧೈರ್ಯಲೇ ನಿಲ್ತಾರ!”

ಮತ್ತೆ ಕಲಬುರ್ಗಿಗೆ ಹೋದೆ. ಕಾಲಿಗೆ ಮುಳ್ಳು ಚುಚ್ಚಿದವನಂತೆ ಗೋಡೆಯ ಬುಡದಲ್ಲಿ ಕೂತು, ಗೇಣಿನಿಂದ ಅಳೆದೆ. ಹಳೆಯ ಅಡಿಪಾಯದ ಗುರುತಿನಿಂದ ನಾಲ್ಕು ಗೇಣು. ಹೇಳಿದಾಗ ಅವರು ಕಣ್ಣು ಮುಚ್ಚಿ ಬೆರಳು ಮಡಿಚಿ ಎಣಿಸಿದರು. “ಸಾಕಾಗ್ತದ” ಎಂದು ಉಸಿರು ಬಿಟ್ಟರು. ನಾನು ಎದ್ದು ಹೊರಟಾಗ, “ಮಳಿಗಾಲದಾಗ ಹಳಿ ಒಂದೀಟು ಕುಸೀತದ. ಐದು ಬಿಟ್ಟಿದ್ರ ಚಲೋ ಇತ್ತು” ಎಂದು ಸೇರಿಸಿದರು.

ಆ ದಿನದ ಮಾತನ್ನು, ಅಂದರೆ ನಾನು ಸುಮ್ಮನಿದ್ದ ಮಾತನ್ನು, ಅವರ ಹತ್ತಿರ ಎತ್ತಬೇಕೆಂದು ಎಷ್ಟೋ ಸಲ ಹೋದೆ. “ಚಾಚಾ, ಆವತ್ತು ಜಮಾದಾರ ಕೇಳಿದಾಗ...” ಎಂದು ಶುರುಮಾಡಿದರೆ, “ಬೀದ್ಯಾಗ ಯಾರೋ ಬಂದಂಗಾತು ನೋಡು” ಎನ್ನುತ್ತಿದ್ದರು. ನಾನು ಎದ್ದು ನೋಡಿ ಬರುತ್ತಿದ್ದೆ. ಯಾರೂ ಇರುತ್ತಿರಲಿಲ್ಲ. ಅಷ್ಟರಲ್ಲಿ ಅವರು ಬಾಳೆಗೊನೆಯದೋ ಹೆಂಡತಿಯ ಮೊಣಕಾಲಿನದೋ ಮಾತು ತೆಗೆದಿರುತ್ತಿದ್ದರು. ಹೀಗೇ ಇಪ್ಪತ್ತು ವರ್ಷ ಕಳೆಯಿತು. ಊರವರಿಗೆಲ್ಲ ಅವರು ಆಟಿಕೆ ರೈಲು ಮಾಡಿ ಜೈಲಿಗೆ ಹೋದ ಹುಚ್ಚು ಮಿಸ್ತ್ರಿ. ನನ್ನ ಮುಂದೆಯೇ ಹಾಗೆಂದು ನಗುತ್ತಿದ್ದರು. ನಾನೂ ಒಂದೆರಡು ಸಲ ಜೊತೆಗೆ ನಕ್ಕಿದ್ದೇನೆ.

ಅವರು ತೀರಿಕೊಂಡದ್ದು ಒಂದು ಶುಕ್ರವಾರ ಮುಂಜಾನೆ, ಮೂರು ದಿನದ ಜ್ವರದಲ್ಲಿ. ಗೋರಿಗೆ ಮುಚ್ಚುವ ಹಲಗೆಗಳನ್ನು ನಾನೇ ಕೊಯ್ದೆ. ಕಬರಸ್ತಾನದಲ್ಲಿ ಐವತ್ತರಷ್ಟು ಜನ ಇದ್ದರು. ಠಾಣೆಯ ಹೊಸ ಜಮಾದಾರನೂ ಬಂದಿದ್ದ, ಅವರ ಸಂಬಂಧಿಕರ ಪರಿಚಯವಂತೆ. ಯಾರೋ ಅವನಿಗೆ ಮೆಲ್ಲಗೆ ಅದೇ ಕಥೆ ಹೇಳುತ್ತಿದ್ದರು: ಇವರು ಒಮ್ಮೆ ದೊಡ್ಡವರ ಸಲೂನಿನಂಥ ಆಟಿಕೆ ಡಬ್ಬಿ ಮಾಡಿದ್ದರು.

“ಆ ಡಬ್ಬಿ ಅವರು ಮಾಡಿಲ್ಲ” ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಎಲ್ಲರೂ ತಿರುಗಿದರು. “ನಾ ಮಾಡೀನಿ. ಆವತ್ತು ನಾ ಅಲ್ಲೇ ನಿಂತಿದ್ದೆ. ಸುಮ್ಮನಿದ್ದೆ.”

ಜಮಾದಾರ ನನ್ನನ್ನೊಮ್ಮೆ ನೋಡಿದ, ಮತ್ತೆ ಗೋರಿಯ ಕಡೆ ತಿರುಗಿಕೊಂಡ. ಅವನಿಗೆ ಅದು ಯಾವ ಕಾಲದ ಮಾತೋ ಏನೋ. ಚಾಚಾನ ಹೆಂಡತಿಯ ತಮ್ಮ ನನ್ನ ಪಕ್ಕದಲ್ಲಿ ನಿಂತಿದ್ದ, ವಯಸ್ಸಾದ ಮನುಷ್ಯ. ಅವನು ನನ್ನ ತೋಳು ಹಿಡಿದ.

“ನಮಗ ಗೊತ್ತದ” ಎಂದ. “ಜೈಲಿನಿಂದ ಬಂದ ದಿನಾನೇ ಭಾವ ಹೇಳಿದ್ರು. ಊರಾಗ ಯಾರ ಮುಂದೂ ಆಡಬ್ಯಾಡ್ರಿ, ಆಂವಗಂತೂ ನಮಗ ಗೊತ್ತದ ಅಂತ ತೋರಿಸಬ್ಯಾಡ್ರಿ ಅಂದಿದ್ರು.”

“ಯಾಕಂತ್ರಿ?”

“‘ಪಾಪ, ಅಂಜತಾನ’ ಅಂದ್ರು.”

ಹಲಗೆಗಳನ್ನು ಇಳಿಸಲು ಕರೆಯುತ್ತಿದ್ದರು. ನಾನು ಹೋಗಿ ಒಂದು ತುದಿ ಹಿಡಿದೆ.